ಮಳೆಗಾಲದ ಎಲೆಯನ್ನು ಶಿವರಾತ್ರಿಗೇ ಕೂಡಿಟ್ಟೆ

ಈ ಮಳೆಗಾಲದಲ್ಲೂ ನಮ್ಮ ಪಾರ್ಕಿನ ಗೊಬ್ಬರದ ತೊಟ್ಟಿಗಳ ಮೇಲೆ ಒಂದು ದೂರೂ ಬರಲಿಲ್ಲ. ಇದು ಸತತ ಮೂರನೇ ವರ್ಷ. "ಸಾರ್, ಬೆಂಗಳೂರು ಮಳೆಗೆ ಇದೆಲ್ಲ ಆಗೋ ಮಾತಲ್ಲ" ಎಂದಿದ್ದವರೇ ಈಗ ಪಕ್ಕದ ರಸ್ತೆಗೂ ಮಾಡಿಕೊಡಿ ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹಸಿ ಕಸ, ಒಣ ಕಸದ ಪಾಠ ನಿಮಗೆ ಬೇಡ. ಮಳೆಗಾಲ ದಾಟಿದ್ದು ಹೇಗೆ ಅನ್ನುವುದಷ್ಟೇ ಹೇಳುತ್ತೇನೆ.

ಬನಶಂಕರಿ ಕಡೆಯ ನಮ್ಮ ಎರಡು ರಸ್ತೆಯಲ್ಲಿ 70 ಮನೆ. ದಿನಕ್ಕೆ 40-45 ಕೆಜಿ ಹಸಿ ಕಸ. 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ 'ಎರಡು ಬುಟ್ಟಿ, ಒಂದು ಚೀಲ' ಆದೇಶ ಬಂದ ಮೇಲೆ ಕಸ ಬೇರ್ಪಡಿಸುವುದು ಚೆನ್ನಾಗೇ ನಡೆಯಿತು. ಆದರೆ ಹಸಿರು ಬುಟ್ಟಿಯ ಹಸಿ ಕಸವೂ ಕೆಂಪು ಬುಟ್ಟಿಯ ಡೈಪರ್, ಪ್ಯಾಡ್‌ನಂಥ ಕಸವೂ ಒಂದೇ ಕಾಂಪ್ಯಾಕ್ಟರ್ ಲಾರಿಗೆ ಬೀಳುವುದನ್ನು ಕಣ್ಣಾರೆ ಕಂಡೆ. ಊರಿನ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿಗಳಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು, ಮಂಡೂರಿಗೆ 2014ರ ಕೊನೆಯಲ್ಲಿ. ಎರಡೂ ಕಡೆ ಊರಿನವರು ಬೀದಿಗಿಳಿಯಬೇಕಾಯಿತು. ಆಮೇಲೆ ಲಾರಿಗಳು ಕಲ್ಲು ಕ್ವಾರಿಗಳ ಕಡೆ ತಿರುಗಿದವು, ಅಷ್ಟೇ. ಮಂಡೂರಿನಲ್ಲಿ ನಮ್ಮ ನೆಂಟರಿದ್ದಾರೆ. ಅವರ ಬೋರ್‌ವೆಲ್ ನೀರಿನ ಬಣ್ಣ ನೋಡಿದ್ದೇನೆ. ನಮ್ಮ ಮನೆಯ ಅನ್ನ, ಸಿಪ್ಪೆ ಇನ್ನೊಬ್ಬರ ಕುಡಿಯುವ ನೀರಿಗೆ ಇಳಿಯುವುದು ನನ್ನಿಂದ ಸಹಿಸಲಾಗಲಿಲ್ಲ.

2017ರಲ್ಲಿ ಶುರು ಮಾಡಿದೆ. ಎಂಟು ಜಾಲರಿ ತೊಟ್ಟಿ, 3 ಅಡಿ ಅಗಲ, 4 ಅಡಿ ಎತ್ತರ. ಒಂದಕ್ಕೆ ಸುಮಾರು 4,500 ರೂಪಾಯಿ. ಮೇ ತಿಂಗಳವರೆಗೆ ಎಲ್ಲ ಸೊಗಸು. ಆ ವರ್ಷದ ಆಗಸ್ಟ್ ಮಳೆ ನೆನಪಿದೆ ಅಲ್ವಾ? ತೊಟ್ಟಿಗಳೊಳಗೆ ಎಲ್ಲ ಅಂಬಲಿಯಾಯಿತು. ವಾಕಿಂಗ್ ಮಾಡುವ ದಾರಿಯ ಮೇಲೆ ಕಪ್ಪು ರಸ ಹರಿಯಿತು, ಅದರ ಹಿಂದೆಯೇ ಹುಳ. ಒಂದು ಬೆಳಿಗ್ಗೆ ಹೋದರೆ ಪಾರ್ಕಿನ ಗೇಟಿಗೆ ಬೀಗ. ಅರ್ಧ ಕೊಳೆತ 600 ಕೆಜಿ ಮಾಲನ್ನು ಕೈಯಿಂದ 3,500 ಕೊಟ್ಟು ಸಾಗಿಸಬೇಕಾಯಿತು. ಯಾವುದನ್ನು ತಡೆಯಲು ಹೊರಟಿದ್ದೆನೋ ಅದೇ ಕೊನೆಗೆ ಲಾರಿ ಹತ್ತಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ತಗಡಿನ ಮಾಡು ಹಾಕಿಸಿದೆ, 22 ಸಾವಿರ. ಒಂದು ಕಂಪನಿಯವರು ವಾಸನೆ ಹೋಗಿಸುವ ಪುಡಿ ಕೊಟ್ಟರು, ಕೆಜಿಗೆ 350ರ ಹತ್ತಿರ. ಹತ್ತು ದಿನ ವಾಸನೆ ಇರಲಿಲ್ಲ, ಹನ್ನೊಂದನೇ ದಿನ ವಾಪಸ್. ಕಸದ ನೀರು ಹೀರಲು ತೆಂಗಿನ ನಾರಿನ ಪುಡಿ ಒಳ್ಳೆಯದೇ, ಆದರೆ ತಿಂಗಳಿಗೆ 4,000 ಮೀರುತ್ತಿತ್ತು. ಮನೆಗೆ 150ರಂತೆ ಕೂಡುತ್ತಿದ್ದುದು 10,500. ಅದರಲ್ಲಿ ಕೆಲಸದ ಹುಡುಗನಿಗೇ 7,000. ಲೆಕ್ಕ ಕೂಡಲೇ ಇಲ್ಲ.

ತಪ್ಪು ಎಲ್ಲಿದೆ ಅಂತ ಹೇಳಿದ್ದು ನಮ್ಮ ರಸ್ತೆ ಗುಡಿಸುವ ಅಕ್ಕ. "ಅಣ್ಣಾ, ಶಿವರಾತ್ರಿ ಹೊತ್ತಲ್ಲಿ ರಾಶಿ ರಾಶಿ ಎಲೆ ಎತ್ತಿ ಕಳಿಸ್ತೀವಿ. ಈಗ ಮಳೇಲಿ ಹುಡುಕಿದ್ರೆ ಎಲ್ಲಿ ಸಿಗತ್ತೆ?" ನಿಜ. ಹೊಂಗೆ ಫೆಬ್ರವರಿ, ಮಾರ್ಚ್‌ನಲ್ಲಿ ಉದುರಿ ಯುಗಾದಿಗೆ ಚಿಗುರಿರುತ್ತದೆ. ಹಸಿ ಕಸದ ನೀರು ಹೀರಲು ಬೇಕಿದ್ದುದು ಒಣ ಎಲೆ, ಆಗಸ್ಟ್‌ನಲ್ಲಿ ನಾನು ಹಾಕುತ್ತಿದ್ದುದು ರಸ್ತೆ ಬದಿ ನೆನೆದು ಬಿದ್ದ ಎಲೆ. ನೀರಿಗೆ ನೀರೇ ಸೇರಿಸಿದಂತೆ.

ಅಲ್ಲಿಂದ ಪ್ರತಿ ವರ್ಷ ಫೆಬ್ರವರಿಯಲ್ಲೇ 250 ಚೀಲ ತರಗೆಲೆ ಕೂಡಿಡುತ್ತೇನೆ. ಹಳೆ ಅಕ್ಕಿ ಚೀಲ, ಒಂದಕ್ಕೆ 8 ರೂಪಾಯಿ. ಇಡೀ ಎಲೆ ಹಾಕಿದರೆ ಒಂದರ ಮೇಲೊಂದು ಅಂಟಿಕೊಂಡು ಗಾಳಿಯೇ ಆಡುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಪುಡಿ ಮಾಡುವ ಯಂತ್ರ ತಂದೆ, 18 ಸಾವಿರ. ಚೀಲಗಳನ್ನು ಇಟ್ಟಿಗೆ ಮೇಲೆ ಜೋಡಿಸಿ, ಗೋಡೆಗೆ ತಾಗದಂತೆ ಟಾರ್ಪಾಲು ಹೊದಿಸುತ್ತೇನೆ. ಮಳೆಗಾಲದಲ್ಲಿ ದಿನಕ್ಕೆ ಒಂದೂವರೆ ಚೀಲ ಬೇಕು.

ತೊಟ್ಟಿಯೊಳಗೆ ತೇವ ಸರಿಯಿದೆಯೇ ನೋಡಲು ತೂಕ, ಮೀಟರು ಯಾವುದೂ ಬೇಡ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ, ಮೊಣಕೈಗೆ ಇಳಿದರೆ ಇನ್ನೊಂದು ಬುಟ್ಟಿ ಎಲೆ. ತೊಟ್ಟಿಯ ನಡುವೆ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ಹಿಡಿದುಕೊಳ್ಳಲಾಗದಷ್ಟು ಬಿಸಿ ಇದ್ದರೆ ಒಳಗೆ ಕೆಲಸ ನಡೆದಿದೆ ಅಂತ ಅರ್ಥ. ಕಸ ಬೇಗ ಗೊಬ್ಬರವಾಗಲೆಂದು ಹಾಕುವ ಹೆಪ್ಪಿಗೆ ಹುಳಿ ಮಜ್ಜಿಗೆ, ಬೆಲ್ಲ ಎಲ್ಲರೂ ಹಾಕುತ್ತಾರೆ. ನಾನು ಇನ್ನೂ ಎರಡು ಸೇರಿಸುತ್ತೇನೆ. ಐದು ವರ್ಷ ಸೋತು ಕಲಿತದ್ದು, ಸದ್ಯ ನನ್ನ ಹತ್ತಿರವೇ ಇರಲಿ.

ಬೇರೆ ಪ್ರಯೋಗಗಳೂ ನಡೆದವು. ಕಬ್ಬಿನ ಹಾಲಿನ ಗಾಡಿಯವರಿಂದ ಪುಕ್ಕಟೆ ಸಿಪ್ಪೆ ತಂದೆ, ಇರುವೆ ಮುತ್ತಿಕೊಂಡವು. ಎಳನೀರು ಬುರುಡೆ ಯಂತ್ರದ ಬ್ಲೇಡನ್ನೇ ತಿಂದಿತು, ರಿಪೇರಿಗೆ 2,000. ಆದರೆ ಆಯುಧಪೂಜೆ ಮಾರನೇ ದಿನ ರಸ್ತೆಯಲ್ಲಿ ಬಿದ್ದಿರುವ ಬೂದುಗುಂಬಳ, ಬಾಳೆಕಂದು ಇದೆಯಲ್ಲ, ಅದು ಗೆದ್ದಿತು. ಹೋದ ಸಲ ಸುಮಾರು 300 ಕೆಜಿ ಎತ್ತಿದೆವು. ಬಾಳೆಕಂದನ್ನು ಸೀಳಿ ಎರಡು ದಿನ ಬಾಡಿಸಬೇಕು. ಕುಂಬಳದೊಳಗಿನ ಚಿಲ್ಲರೆ ಕಾಸು ಆರಿಸುವುದನ್ನು ಮರೆಯಬೇಡಿ, ಕುಂಕುಮದ ಪ್ಲಾಸ್ಟಿಕ್ ಪೊಟ್ಟಣವನ್ನೂ.

ಈಗ ತಿಂಗಳಿಗೆ 200 ಕೆಜಿಗೂ ಜಾಸ್ತಿ ಜರಡಿ ಹಿಡಿದ ಗೊಬ್ಬರ. ಅರ್ಧ ಪಾರ್ಕಿಗೆ ಮತ್ತು ಮನೆಗಳಿಗೆ, ಉಳಿದದ್ದು ಕೆಜಿಗೆ 15ರಂತೆ ಮಾರಾಟ. ಒಣ ಕಸ ವಾರಕ್ಕೆರಡು ಸಲ ಸಂಗ್ರಹ ಕೇಂದ್ರಕ್ಕೆ. ನಮ್ಮ ಎರಡು ರಸ್ತೆಯಿಂದ ಆಟೋ ಟಿಪ್ಪರ್‌ಗೆ ದಿನವೂ ಹತ್ತುವುದು ಕೆಂಪು ಬುಟ್ಟಿಯದು ಮಾತ್ರ.

ಪಕ್ಕದ ರಸ್ತೆಯೂ ಸೇರಿದರೆ ಬರುವ ವರ್ಷಕ್ಕೆ 400 ಚೀಲ ಎಲೆ ಬೇಕು. ಖಾಲಿ ಚೀಲ ಈಗಾಗಲೇ 310 ಕೂಡಿಹಾಕಿದ್ದೇನೆ.