ಬೈಕ್ ಹತ್ತುವ ಮೊದಲು ಯಾವ ತಿಂಗಳು, ಯಾವ ಊರು ಅಂತ ನೋಡಿ

ಜುಲೈನಲ್ಲಿ ಆಗುಂಬೆಯಲ್ಲಿ ಜಡಿಮಳೆ ಹೊಡೆಯುತ್ತಿದ್ದರೆ ಚಿತ್ರದುರ್ಗದಲ್ಲಿ ಬರೀ ಗಾಳಿ. ಅದಕ್ಕೇ 'ಮಳೆಗಾಲದ ಟಿಪ್ಸ್' ಅಂತ ಒಂದೇ ಪಟ್ಟಿ ಹಿಡಿದು ಇಡೀ ಕರ್ನಾಟಕ ಸುತ್ತೋಕೆ ಆಗಲ್ಲ.

ಮೊದಲು ಘಾಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ, ಶಿರಾಡಿ ಕಡೆ ಹೊರಡೋದಾದರೆ ರಸ್ತೆ ತೆರೆದಿದೆಯಾ ಅಂತ ಅವತ್ತೇ ಬೆಳಿಗ್ಗೆ ವಿಚಾರಿಸಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಕತ್ತಲಾಗುವ ಮೊದಲು ಘಾಟಿ ಇಳಿದುಬಿಡಿ. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ, ಮೊದಲೇ ವೇಗ ಇಳಿಸಿ ಸಣ್ಣ ಗೇರಿನಲ್ಲಿ ತಿರುಗಿ, ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋದಂತೂ ಬೇಡವೇ ಬೇಡ. ರಸ್ತೆ ಅಂಚಿನಲ್ಲಿ ಪಾಚಿ ಇರುತ್ತೆ, ಜಾರುತ್ತೆ. ಹೇರ್‌ಪಿನ್‌ನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು, ಹಾರ್ನ್ ಕೇಳಿದರೆ ನಿಂತು ದಾರಿ ಬಿಡಿ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಏನೂ ಕಾಣದಿದ್ದರೆ ಚಾರ್ಮಾಡಿ ಘಾಟಿ ಮೇಲಿನ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ ಕೂತುಬಿಡಿ, ಅರ್ಜೆಂಟ್ ಏನಿದೆ? ರೇನ್‌ಕೋಟ್ ಪ್ಯಾಂಟು-ಜಾಕೆಟ್ ಇರೋದೇ ತಗೊಳ್ಳಿ, ಕಂಬಳಿ ಥರ ಮೈಮೇಲೆ ಇಳಿಬಿಡುವ ಪೋಂಚೋ ಗಾಳಿಗೆ ಹಾರಿ ಚೈನಿಗೆ ಸಿಕ್ಕಿಕೊಳ್ಳಬಹುದು. ಮನೆಗೆ ಬಂದ ಮೇಲೆ ಚೈನ್ ಒರೆಸಿ ಲ್ಯೂಬ್ ಹಾಕಿ.

ಬೆಂಗಳೂರಿನಲ್ಲಿ ನಾನು ಜಾಸ್ತಿ ಹೆದರೋದು ಏಪ್ರಿಲ್, ಮೇ ಸಂಜೆಯ ಮೊದಲ ಮಳೆಗೆ. ತಿಂಗಳುಗಟ್ಟಲೆ ಕೂತಿದ್ದ ಎಣ್ಣೆ, ಧೂಳು ಎಲ್ಲ ಮೇಲೆದ್ದು ಟಾರು ನುಣ್ಣಗಾಗಿರುತ್ತೆ. ಸ್ವಲ್ಪ ಹೊತ್ತು ಮಳೆ ಬಂದು ರಸ್ತೆ ತೊಳೆದ ಮೇಲೆ ಹೊರಡಿ. ಮರದ ಕೆಳಗೆ ಮಾತ್ರ ನಿಲ್ಲಬೇಡಿ, ಕೊಂಬೆ ಬೀಳೋದು ಈ ಮಳೆಗೇ.

ಬಯಲುಸೀಮೆಯ ಕಥೆ ಬೇರೆ. ಗದಗ, ಚಿತ್ರದುರ್ಗದಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢದ ಅಡ್ಡಗಾಳಿಗೆ ಲಾರಿ ದಾಟಿದ ತಕ್ಷಣ ಬೈಕ್ ಪಕ್ಕಕ್ಕೆ ಎಳೆಯುತ್ತೆ. ಮಂಡಿಯಿಂದ ಟ್ಯಾಂಕ್ ಬಿಗಿಯಾಗಿ ಹಿಡಿದು, ಹ್ಯಾಂಡಲ್ ಬಿಡದೆ ತೋಳು ಸಡಿಲವಾಗಿಡಿ. ವಿಜಯಪುರದ ಕಡೆ ಮಳೆ ಬಿದ್ದ ಮೇಲೆ ಎರೆಮಣ್ಣಿನ ದಾರಿಗೆ ಇಳಿಯಲೇಬೇಡಿ, ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತೆ. ಆ ಗಾಳಿ ಮೈಗೆ ಬಡಿದಷ್ಟೂ ಕಾವೇ ಜಾಸ್ತಿ, ಅಂಗಿ ಗುಂಡಿ ಬಿಚ್ಚಿ ಓಡಿಸಿದರೆ ತಂಪಾಗಲ್ಲ. ತುಂಬು ತೋಳಿನ ಹತ್ತಿ ಅಂಗಿ ಹಾಕಿ, ಹನ್ನೊಂದರೊಳಗೆ ಊರು ಸೇರಿ. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿಸಿ, ಬಿಸಿ ಟೈರಿನಿಂದ ಗಾಳಿ ಇಳಿಸಬೇಡಿ.

ಚಳಿಗಾಲ ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಹಳೇ ಮೈಸೂರಿನ ಹಳ್ಳಿ ರಸ್ತೆಗಳಲ್ಲಿ ಆಗಲೇ ರಾಗಿ, ಹುರುಳಿ ಒಕ್ಕಣೆ. ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಬಿದ್ದಿರಿ ಅಂತಲೇ ಲೆಕ್ಕ, ನೇರ ಹಿಡಿದು ನಿಧಾನಕ್ಕೆ ದಾಟಿ. ಮಂಡ್ಯ ಕಡೆ ರಾತ್ರಿ ಕಬ್ಬಿನ ಟ್ರಾಕ್ಟರ್ ಹಿಂದೆ ಲೈಟೇ ಇರಲ್ಲ, ಮುಂದೆ ಕಪ್ಪಗೆ ಏನೋ ಕಂಡರೆ ಮೊದಲು ಆಕ್ಸಿಲರೇಟರ್ ಬಿಡಿ.