19ನೇ ಮಹಡಿಗೆ ನಿಂತಿದ್ದ ಟವರ್‌ಗೆ ಮತ್ತೆ ಪರವಾನಗಿ ತಂದಿದ್ದು

ಆರು ವರ್ಷದಿಂದ ಕೆಲಸ ನಿಂತುಹೋಗಿದ್ದ ಕಟ್ಟಡ ಅದು. 42 ಮಹಡಿಗೆ ನಕ್ಷೆ ಮಂಜೂರಾಗಿತ್ತು, 19 ಎದ್ದಿತ್ತು. ಅಷ್ಟರಲ್ಲಿ ಮೊದಲಿನ ಬಿಲ್ಡರ್ ಹತ್ತಿರ ದುಡ್ಡು ಮುಗಿಯಿತು. ಮನೆ ಬುಕ್ ಮಾಡಿದ್ದವರು ಕಾಯುತ್ತಲೇ ಇದ್ದರು. ಹೊಸದಾಗಿ ಕಟ್ಟಡ ವಹಿಸಿಕೊಂಡ ಕಂಪನಿಯವರು ನನ್ನನ್ನು ಕರೆದು, ನಗರಾಡಳಿತದಿಂದ ಅಪ್ರೂವಲ್ ತರುವ ಕೆಲಸ ನಿಮ್ಮದು ಅಂದರು. ನಾನು ಆರ್ಕಿಟೆಕ್ಟ್. ಹೊಸ ಕಟ್ಟಡಗಳ ಫೈಲ್ ಹಿಡಿದು ಎಷ್ಟೋ ಸಲ ಓಡಾಡಿದ್ದೆ. ಅರ್ಧಕ್ಕೆ ನಿಂತ ಎತ್ತರದ ಕಟ್ಟಡದ ಫೈಲ್ ಇದೇ ಮೊದಲು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಐದು ತಿಂಗಳು ನನ್ನ ತಪ್ಪಿನಿಂದಲೇ ಹೋಯಿತು.

ಹಳೇ ಪರವಾನಗಿ ಇದೆ, ಅವಧಿ ಮುಗಿದಿದೆ, ನವೀಕರಿಸಿದರೆ ಸಾಕು ಅಂತ ನಾನು ತಿಳಿದಿದ್ದೆ. ಶುಲ್ಕ ಲೆಕ್ಕ ಹಾಕಿ, ಹಳೇ ನಕ್ಷೆಗೆ ಹೊಸ ಮಾಲೀಕರ ಹೆಸರು ಹಾಕಿಸಿ ಅರ್ಜಿ ಕೊಟ್ಟೆ. ಅರ್ಜಿ ವಾಪಸ್ ಬಂತು. ಒಂದೆರಡು ಕಾಗದ ಸೇರಿಸಿ ಮತ್ತೆ ಕೊಟ್ಟೆ, ಮತ್ತೆ ವಾಪಸ್. ಮೂರನೇ ಸಲ ನಕ್ಷೆ ವಿಭಾಗದ ಅಧಿಕಾರಿ ಮೇಡಂ ಕೂರಿಸಿಕೊಂಡು ಮಾತಾಡಿದರು.

"ಸರ್, ಮೇಲೆ ಕಟ್ಟೋ 23 ಮಹಡಿ ಬಗ್ಗೆನೇ ನೀವು ಹೇಳ್ತಾ ಇದ್ದೀರಿ. ನನಗೆ ಕೆಳಗೆ ನಿಂತಿರೋ 19ರ ಬಗ್ಗೆ ಹೇಳಿ. ಅದು ಯಾವ ನಕ್ಷೆ ಪ್ರಕಾರ ಕಟ್ಟಿದ್ದು? ಈಗ ಹೇಗಿದೆ? ಅದಕ್ಕೆ ಯಾರು ಸಹಿ ಹಾಕ್ತೀರಿ?"

ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಂತ ಕೆಲಸದ ಪರವಾನಗಿ ಬಿದ್ದುಹೋಗುವುದು ನಿಯಮವೇ. ಅಮೆರಿಕದ ಬಹಳಷ್ಟು ನಗರಗಳು ಅನುಸರಿಸುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ, ಶುರುವಾದ ಕೆಲಸ 180 ದಿನ ನಿಂತರೆ ಪರವಾನಗಿ ಲೆಕ್ಕಕ್ಕಿಲ್ಲ. ಇನ್ನಷ್ಟು ಸಮಯ ಬೇಕಿದ್ದರೆ ಸರಿಯಾದ ಕಾರಣ ತೋರಿಸಿ ಬರವಣಿಗೆಯಲ್ಲಿ ಕೇಳಬೇಕು, ಅದೂ ಒಂದು ಸಲಕ್ಕೆ 180 ದಿನಕ್ಕಿಂತ ಜಾಸ್ತಿ ಸಿಗೋದಿಲ್ಲ. ಇದು ಸುಮ್ನೆ ಕಿರಿಕಿರಿ ಅಂತ ನನಗೂ ಮೊದಲು ಅನಿಸುತ್ತಿತ್ತು. ಕಟ್ಟಡದ ಒಳಗೆ ಹೋಗಿ ನೋಡಿದ ಮೇಲೆ ಆ ಮಾತು ಬಿಟ್ಟೆ. ಮುಚ್ಚಿಗೆ ಇಲ್ಲದ ಕಾಂಕ್ರೀಟು, ಬಿಸಿಲು ಮಳೆಗೆ ಬಿಟ್ಟ ಕಂಬಿ, ಪಂಪ್ ನಿಲ್ಲಿಸಿದ ಬೇಸ್‌ಮೆಂಟ್. ಕೆಲಸ ನಿಂತಿದ್ದರೂ ಕಟ್ಟಡ ಒಂದೊಂದು ದಿನವೂ ಬದಲಾಗುತ್ತಲೇ ಇತ್ತು.

ಮೊದಲು ಅಳತೆ. ಲೇಸರ್ ಸ್ಕ್ಯಾನರ್ ತಂದು 19 ಮಹಡಿಯನ್ನೂ ಅಳೆಸಿದೆವು. ಹಳೇ ನಕ್ಷೆಯ ಮೇಲೆ ಹೊಸ ಅಳತೆ ಇಟ್ಟು ನೋಡಿದರೆ, 11ನೇ ಮಹಡಿಯಿಂದ ಮೇಲೆ ಎರಡು ಕಾಲಂ ನಕ್ಷೆಯಲ್ಲಿ ಇದ್ದ ಜಾಗದಲ್ಲಿ ಇರಲೇ ಇಲ್ಲ. ಯಾರೋ ಸೈಟ್‌ನಲ್ಲೇ ತೀರ್ಮಾನಿಸಿ ಸರಿಸಿದ್ದರು. ಕಾಗದದಲ್ಲಿ ಎಲ್ಲೂ ಇಲ್ಲ. ಹಳೇ ನಕ್ಷೆ ಇಟ್ಟುಕೊಂಡೇ ಲೆಕ್ಕ ಮಾಡಿದ್ದರೆ ಮೇಲಿನ ಭಾರ, ಆ ಜಾಗದಲ್ಲಿ ಇರಲೇ ಇಲ್ಲದ ಕಾಲಂ ಮೇಲೆ ಬೀಳುತ್ತಿತ್ತು.

ಆಮೇಲೆ ಕಾಂಕ್ರೀಟಿನ ಪರೀಕ್ಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಫೈಲ್ ಮುಂದೆ ಹೋಗಿದ್ದು ಇದರಿಂದಲೇ.

ಕೋರ್ ಯಂತ್ರದಲ್ಲಿ ಕಾಲಂನಿಂದ ಉದ್ದನೆಯ ಉರುಳೆ ತುಂಡು ಕೊರೆದು ತೆಗೆಯುತ್ತಾರೆ. 14ನೇ ಮಹಡಿಯಲ್ಲಿ ತೆಗೆದ ಒಂದು ತುಂಡನ್ನು ಲ್ಯಾಬ್‌ನ ಹುಡುಗ ನನ್ನ ಎದುರಿಗೇ ಸೀಳಿದ. ಸೀಳಿದ ಹಸಿ ಮುಖದ ಮೇಲೆ, ಕ್ಷಾರ ಸಿಕ್ಕರೆ ಬಣ್ಣ ತಿರುಗುವ ಫಿನಾಲ್ಫ್ಥಲೀನ್ ದ್ರಾವಣ ಚಿಮುಕಿಸಿದ. ಒಂದೇ ಕ್ಷಣ, ಒಳಗಿನ ಭಾಗವೆಲ್ಲ ಕಡು ಗುಲಾಬಿ ಆಯಿತು. ಹೊರಗಿನ ಅಂಚಿನಲ್ಲಿ ಮಾತ್ರ ಒಂದು ಬೂದು ಪಟ್ಟಿ ಹಾಗೇ ಉಳಿಯಿತು. ಗುಲಾಬಿ ಇದ್ದ ಕಡೆ ಕಾಂಕ್ರೀಟಿನ ಕ್ಷಾರ ಉಳಿದಿದೆ, ಕಂಬಿಗೆ ರಕ್ಷಣೆ ಇದೆ. ಬೂದು ಪಟ್ಟಿ ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೊಕ್ಕು ಕ್ಷಾರವನ್ನು ತಿಂದಿದೆ. ಅವನು ಸ್ಕೇಲ್ ಇಟ್ಟ. 9 ಮಿಲಿಮೀಟರ್. ಕಂಬಿ ಇದ್ದದ್ದು 40 ಮಿಲಿಮೀಟರ್ ಒಳಗೆ. ನನಗೆ ಅಲ್ಲೇ ಒಂದು ನಿಟ್ಟುಸಿರು ಬಂತು. ಗಾಳಿಗೆ ತೆರೆದುಕೊಂಡ ಮೂಲೆಯ ಕಾಲಂಗಳಲ್ಲಿ ಅದು 20 ದಾಟಿತ್ತು, ಅಲ್ಲೂ ಕಂಬಿ ಮುಟ್ಟಿರಲಿಲ್ಲ.

ಬಲದ ಪರೀಕ್ಷೆಯಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ನಿಯಮದಂತೆ ಮೂರು ಕೋರ್‌ಗಳ ಸರಾಸರಿ, ವಿನ್ಯಾಸದ ಬಲದ 85 ಶೇಕಡಾ ಆದರೂ ಬರಬೇಕು. ಒಂದೊಂದೂ 75ಕ್ಕಿಂತ ಕೆಳಗೆ ಹೋಗಬಾರದು. 12ನೇ ಮಹಡಿಯ ನಾಲ್ಕು ಕಾಲಂಗಳಲ್ಲಿ ಸರಾಸರಿ 78 ಬಂತು. ಉಳಿದ ಮಹಡಿಗಳೆಲ್ಲ ಪಾಸ್.

ಕಂಪನಿಯ ಮೀಟಿಂಗ್‌ನಲ್ಲಿ ಒಬ್ಬರು, ಆ ನಾಲ್ಕು ಕಾಲಂ ನಾವೇ ರಿಪೇರಿ ಮಾಡಿಬಿಡೋಣ, ಪಾಸಾದ ರಿಪೋರ್ಟ್ ಮಾತ್ರ ಕೊಡೋಣ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಇನ್ನೂ ತಡವಾದರೆ ಅನ್ನೋ ಭಯ. ನಾನು ಒಪ್ಪಲಿಲ್ಲ. ಆ ಮನೆಗಳಲ್ಲಿ ಮಕ್ಕಳು ಮಲಗುತ್ತಾರೆ. ಫೇಲಾದ ರಿಪೋರ್ಟನ್ನೇ ಫೈಲ್‌ನ ಮೊದಲ ಪುಟಕ್ಕೆ ಹಾಕಿದೆ. ಅದರ ಹಿಂದೆ ರಿಪೇರಿಯ ವಿನ್ಯಾಸ: ಕಾಲಂ ಸುತ್ತ ಹೊಸ ಕಂಬಿ ಕಟ್ಟಿ, ಹೊಸ ಕಾಂಕ್ರೀಟಿನ ಕವಚ ಹಾಕುವುದು. ಅದರ ಹಿಂದೆ, ಬೇರೆ ಕಂಪನಿಯ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನಮ್ಮ ಲೆಕ್ಕವನ್ನೆಲ್ಲ ಮೊದಲಿನಿಂದ ಪರಿಶೀಲಿಸಿ ಹಾಕಿದ ಸಹಿ. ಮೇಡಂ ಮೊದಲ ಪುಟವನ್ನು ಎರಡು ಸಲ ಓದಿದರು. "ಇದನ್ನ ನಾನು ಕೇಳೋ ಮುಂಚೆ ಯಾರೂ ತಂದುಕೊಟ್ಟಿರಲಿಲ್ಲ," ಅಂದರು. ಅಂದಿನಿಂದ ಆ ಕಚೇರಿಯಲ್ಲಿ ಫೈಲ್ ಹಿಂದಕ್ಕೆ ಬರಲಿಲ್ಲ. ಪ್ರಶ್ನೆ ಬರುತ್ತಿದ್ದವು, ನಾವು ಉತ್ತರ ಕೊಡುತ್ತಿದ್ದೆವು.

ಹೀಗೆ ಬಂದ ಪ್ರಶ್ನೆಗಳಲ್ಲಿ ತುಂಬಾ ಕಾಡಿದ್ದು ಮೆಟ್ಟಿಲು.

ಕೆಲಸ ನಿಂತ ಆರು ವರ್ಷದಲ್ಲಿ ಬೆಂಕಿ ಸುರಕ್ಷತೆಯ ನಿಯಮ ಬಿಗಿಯಾಗಿ, ನಮ್ಮ ಟವರ್‌ಗೂ ಎರಡನೇ ಮೆಟ್ಟಿಲು ಬೇಕಾಗಿತ್ತು. ಇದು ಬೇರೆ ಕಡೆಯೂ ಆಗಿದೆ. ಲಂಡನ್‌ನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಆ ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಮೆಟ್ಟಿಲು. 18 ಮೀಟರ್‌ಗಿಂತ ಎತ್ತರದ ಹೊಸ ವಸತಿ ಕಟ್ಟಡಕ್ಕೆ ಎರಡನೇ ಮೆಟ್ಟಿಲು ಬೇಕು ಅಂತ ಇಂಗ್ಲೆಂಡಿನ ಸರ್ಕಾರ 2023ರಲ್ಲಿ ಹೇಳಿತು. ಆಗ ಅಲ್ಲಿ ಎಷ್ಟೋ ಟವರ್‌ಗಳ ನಕ್ಷೆ ಹೊಸದಾಗಿ ಬರೆಯಬೇಕಾಯಿತು. ಹಳೇ ನಿಯಮದಡಿ ಮಂಜೂರಾದದ್ದು ನಮಗೆ ಅನ್ವಯಿಸಲ್ವಾ ಅಂತ ನಮ್ಮವರೂ ಕೇಳಿದರು. ಪರವಾನಗಿ ಜೀವಂತ ಇದ್ದಿದ್ದರೆ ವಾದಿಸಬಹುದಿತ್ತು. ಅದು ಬಿದ್ದುಹೋಗಿತ್ತು. ನಿಜ ಹೇಳಬೇಕಂದರೆ ವಾದಿಸುವ ಮನಸ್ಸೂ ನನಗೆ ಇರಲಿಲ್ಲ.

ಎರಡನೇ ಮೆಟ್ಟಿಲಿಗೆ 19 ಮಹಡಿಯ ಸ್ಲ್ಯಾಬ್ ಕತ್ತರಿಸಬೇಕು. ಆ ಸ್ಲ್ಯಾಬ್‌ಗಳೋ ಪೋಸ್ಟ್ ಟೆನ್ಷನ್. ಒಳಗೆ ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ತಿಳಿಯದೆ ಒಂದನ್ನು ಕತ್ತರಿಸಿದರೆ ಅದರ ಬಿಗಿ ಒಮ್ಮೆಲೇ ಬಿಟ್ಟು, ತುದಿಯ ಲಂಗರು ಸಿಡಿಯಬಹುದು, ಸ್ಲ್ಯಾಬ್‌ನ ಬಲವೂ ಹೋಗುತ್ತದೆ. ನೆಲದ ಮೇಲೆ ರಾಡಾರ್ ಯಂತ್ರ ಉರುಳಿಸಿ ಒಂದೊಂದೇ ಕೇಬಲ್ ಹುಡುಕಿ ಕೆಂಪು ಬಣ್ಣದಲ್ಲಿ ಗೆರೆ ಎಳೆದೆವು. 7ನೇ ಮಹಡಿಯಲ್ಲಿ ಗೆರೆಗಳ ನಡುವೆ ಕೂತು ನಾನೂ ಎಂಜಿನಿಯರೂ ಒಂದಿಡೀ ಮಧ್ಯಾಹ್ನ ನೋಡಿದೆವು. ಕೇಬಲ್ ಅತಿ ಕಡಿಮೆ ಇದ್ದದ್ದು ಮೂಲೆಯ ಮನೆಯ ಒಂದು ರೂಮಿನ ಕೆಳಗೆ. ಮೆಟ್ಟಿಲು ಅಲ್ಲಿಗೇ ಬಂತು. ಒಂದೊಂದು ಮಹಡಿಯಲ್ಲೂ ಮೂಲೆ ಮನೆ ಒಂದು ರೂಮು ಕಳೆದುಕೊಂಡಿತು. ಆ ಮನೆ ಬುಕ್ ಮಾಡಿದ್ದವರನ್ನು ಒಬ್ಬೊಬ್ಬರಾಗಿ ಕರೆದು ನಕ್ಷೆ ತೋರಿಸಿದೆವು, ದರ ಇಳಿಸಿದೆವು. ಇಬ್ಬರು ಒಪ್ಪದೆ ದುಡ್ಡು ವಾಪಸ್ ಪಡೆದರು. ಉಳಿದವರ ಒಪ್ಪಿಗೆ ಪತ್ರ ಫೈಲ್‌ಗೆ ಸೇರಿತು.

ಎತ್ತರದ ವಿಷಯ ಬೇಗ ಮುಗಿಯಿತು. ಸುತ್ತ ಹೊಸ ಟವರ್‌ಗಳು ಬಂದು ಗಾಳಿಯ ದಿಕ್ಕೇ ಬದಲಾಗಿತ್ತು, ಹಳೇ ಗಾಳಿ ಸುರಂಗದ ರಿಪೋರ್ಟ್ ಒಪ್ಪೋದಿಲ್ಲ ಅಂದರು. ಟವರ್‌ನ ಹೊಸ ಪುಟ್ಟ ಮಾದರಿ ಮಾಡಿಸಿ, ಸುರಂಗದಲ್ಲಿ ಅದರ ಮೇಲೆ ಗಾಳಿ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆವು. ಗಾಳಿಯ ಒತ್ತಡ, ಕವಚದ ಭಾರ, ಹೊಸ ಮೆಟ್ಟಿಲಿನ ಭಾರ ಎಲ್ಲ ಸೇರಿಸಿದರೆ ಹಳೇ ಪೈಲ್‌ಗಳ ಮೇಲೆ, ಅಂದರೆ ಮಣ್ಣಿನಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳ ಮೇಲೆ, 42 ಮಹಡಿ ಕೂರೋದಿಲ್ಲ. 38ಕ್ಕೆ ಇಳಿಸಿ ಅಂದೆ. ಕಂಪನಿಯವರಿಗೆ ಕಷ್ಟವಾಯಿತು. ಷಿಕಾಗೋದ ವಾಟರ್‌ವ್ಯೂ ಟವರ್‌ನ ಕಥೆ ಹೇಳಿದೆ. 90 ಮಹಡಿ ದಾಟಬೇಕಿದ್ದ ಅದು 2008ರಲ್ಲಿ 26ಕ್ಕೇ ನಿಂತಿತ್ತು. ಆಮೇಲೆ ಬಂದವರು ಅದೇ ಚೌಕಟ್ಟಿನ ಮೇಲೆ 60 ಮಹಡಿಗೆ ಸಾಕು ಮಾಡಿ, 2014ರಲ್ಲಿ ಒನ್‌ಇಲೆವೆನ್ ಅನ್ನೋ ಹೆಸರಿನಲ್ಲಿ ಮನೆಗಳನ್ನು ತೆರೆದರು. ಕಂಪನಿಯವರು ಎರಡು ದಿನ ಯೋಚಿಸಿ ಒಪ್ಪಿದರು.

ಸಾರ್ವಜನಿಕ ಅಹವಾಲು ಸಭೆಗೆ ನಾನು ಟ್ರಾಫಿಕ್, ನೆರಳು, ನೀರು ಎಲ್ಲದಕ್ಕೂ ಚಾರ್ಟ್ ಮಾಡಿಕೊಂಡು ಹೋಗಿದ್ದೆ. ಪಕ್ಕದ ಮನೆಯ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದರು. ಅವರ ಹಿಂದಿನ ಗೋಡೆಯಲ್ಲಿ ಒಂದು ಬಿರುಕು. "ನಿಮ್ಮ ಗುಂಡಿ ಆರು ವರ್ಷದಿಂದ ಬಾಯಿ ಬಿಟ್ಕೊಂಡಿದೆ. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದ್ರೆ ನಾನು ಯಾರನ್ನ ಕೇಳಲಿ?"

ಟವರ್ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಮೂರು ಬೇಸ್‌ಮೆಂಟ್ ಆಳದ ಗುಂಡಿ ಹಾಗೇ ಇತ್ತು. ಅದರ ಗೋಡೆ ಹಿಡಿದು ನಿಲ್ಲಿಸಿದ್ದು ಮಣ್ಣೊಳಗೆ ತೂರಿಸಿದ ತಾತ್ಕಾಲಿಕ ಆಂಕರ್‌ಗಳು. ಅಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷದ ಆಯುಸ್ಸು ಅಂತ ಲೆಕ್ಕ ಹಾಕಿರುತ್ತಾರೆ. ಇವಕ್ಕೆ ಆರು ಆಗಿತ್ತು. ನನ್ನ ಅರ್ಜಿಯಲ್ಲಿ ಆ ಗುಂಡಿ ಎರಡನೇ ಹಂತದ ಕೆಲಸ, ಟವರ್ ಮುಗಿದ ಮೇಲೆ. ಅವರ ಮಾತು ಕೇಳಿದ ಮೇಲೆ ಹಂತಗಳನ್ನು ತಿರುಗಿಸಿದೆವು. ಮೊದಲು ಆಂಕರ್‌ಗಳನ್ನು ಎಳೆದು ಪರೀಕ್ಷಿಸಿ, ಸೋತವುಗಳ ಪಕ್ಕ ಹೊಸದು ಹಾಕುವುದು. ಆಮೇಲೆ ಬೇಸ್‌ಮೆಂಟ್ ಕಟ್ಟಿ ನೆಲದ ಮಟ್ಟಕ್ಕೆ ಸ್ಲ್ಯಾಬ್ ಮುಚ್ಚುವುದು. ಅದಾಗುವವರೆಗೆ 20ನೇ ಮಹಡಿಗೆ ಕೈ ಹಾಕುವಂತಿಲ್ಲ. ಜೊತೆಗೆ ಒಂದು ಬ್ಯಾಂಕ್ ಗ್ಯಾರಂಟಿ: ಕೆಲಸ ಮತ್ತೆ ನಿಂತರೆ ನಗರಾಡಳಿತ ಆ ದುಡ್ಡಿನಲ್ಲಿ ಜಾಗವನ್ನು ಭದ್ರ ಮಾಡಬಹುದು. ಪರವಾನಗಿಯ ಷರತ್ತುಗಳಲ್ಲಿ ಇವೆರಡೇ ಮೊದಲು ಬಂದವು.

ಪರವಾನಗಿ ಕೈಗೆ ಬಂದ ಮಾರನೇ ದಿನವೇ ಆ ಅಮ್ಮನ ಗೋಡೆಯ ಬಿರುಕಿಗೆ ಗೇಜ್ ಅಂಟಿಸಿದೆವು. ಎರಡು ಪಾರದರ್ಶಕ ಪಟ್ಟಿ, ಒಂದರಲ್ಲಿ ಗೆರೆಗಳ ಜಾಲ, ಇನ್ನೊಂದರಲ್ಲಿ ಕೆಂಪು ಕೂಡುಗೆರೆ. ಗೋಡೆ ಅಲುಗಿದರೆ ಕೆಂಪು ಗೆರೆ ಸರಿಯುತ್ತದೆ. ವಾರಕ್ಕೊಂದು ಸಲ ಸೈಟ್ ಎಂಜಿನಿಯರ್ ಹೋಗಿ ಓದಿ, ಅವರ ಎದುರಿಗೇ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿಕೊಂಡು ಬರುತ್ತಾರೆ. ಮೊದಲ ಎರಡು ತಿಂಗಳಲ್ಲಿ ಅರ್ಧ ಮಿಲಿಮೀಟರ್ ಸರಿದಿತ್ತು. ಹೊಸ ಆಂಕರ್ ಬಿಗಿದ ಮೇಲೆ ಗೆರೆ ಅಲ್ಲೇ ನಿಂತಿದೆ. ಹೋದ ತಿಂಗಳು ಗುಂಡಿಯ ಮೇಲಿನ ಸ್ಲ್ಯಾಬ್ ಹಾಕಿದೆವು. ಅವತ್ತು ಅವರು ಗೇಟ್ ಹತ್ತಿರ ಬಂದು, "ಇನ್ನು ಪುಸ್ತಕ ಹಿಡ್ಕೊಂಡು ಬರಲ್ವಾ?" ಅಂತ ಕೇಳಿದರು. "ಬರ್ತೀವಿ ಅಮ್ಮ, 38ನೇ ಮಹಡಿ ಮುಗಿಯೋವರೆಗೂ ಬರ್ತೀವಿ," ಅಂದೆ.