ಬೆನ್ನುಮೂಳೆಗೆ ವಿಕಿರಣ ಚಿಕಿತ್ಸೆ: ಮಣಿ ಕುಸಿಯದಂತೆ ಎಚ್ಚರ ವಹಿಸುವುದು ಹೇಗೆ?

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಅಥವಾ ಮೂತ್ರಪಿಂಡದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗ, ಗಡ್ಡೆಯಿರುವ ಮಣಿಗಷ್ಟೇ (ಬೆನ್ನುಮೂಳೆಯ ಒಂದು ಎಲುಬಿಗೆ) ಗುರಿಯಿಟ್ಟು ಒಂದರಿಂದ ಐದು ಸರದಿಗಳಲ್ಲಿ ಭಾರಿ ಪ್ರಮಾಣದ ವಿಕಿರಣ ಕೊಡುವ ಪದ್ಧತಿಗೆ ಎಸ್‌ಬಿಆರ್‌ಟಿ ಎನ್ನುತ್ತಾರೆ. ಇದರಿಂದ ನೋವು ಇಳಿಯುತ್ತದೆ, ಗಡ್ಡೆ ಹತೋಟಿಗೆ ಬರುತ್ತದೆ. ಆದರೆ ಕೆಲವರಲ್ಲಿ ಅದೇ ಮಣಿ ಕುಸಿಯುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 252 ರೋಗಿಗಳ 410 ಮಣಿಗಳನ್ನು ಪರಿಶೀಲಿಸಿದಾಗ 57 ಮಣಿಗಳಲ್ಲಿ ಹೊಸ ಮುರಿತ ಅಥವಾ ಹಳೆಯ ಕುಸಿತದ ಹೆಚ್ಚಳ ಕಂಡುಬಂದಿತ್ತು; ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಮೊದಲ ನಾಲ್ಕು ತಿಂಗಳಲ್ಲೇ ಆದವು. ಗಡ್ಡೆ ಬೇಗ ಸಾಯುತ್ತದೆ, ಅದು ತಿಂದುಹಾಕಿದ ಜಾಗದಲ್ಲಿ ಹೊಸ ಮೂಳೆ ಬೆಳೆಯಲು ತಿಂಗಳುಗಳೇ ಬೇಕು. ಅಪಾಯವಿರುವುದು ಈ ನಡುವಿನ ಅವಧಿಯಲ್ಲಿ.

ಚಿಕಿತ್ಸೆಗೆ ಒಪ್ಪುವ ಮೊದಲೇ ‘ಮಣಿ ಎಷ್ಟು ಗಟ್ಟಿಯಿದೆ?’ ಎಂದು ವೈದ್ಯರನ್ನು ಕೇಳಿ. ಅವರು ಸ್ಕ್ಯಾನ್ ನೋಡಿ ಸಿನ್ಸ್ ಎಂಬ ಅಂಕ ಹಾಕುತ್ತಾರೆ. 6ರವರೆಗೆ ಇದ್ದರೆ ಸ್ಥಿರ, 7ರಿಂದ 12 ಇದ್ದರೆ ಅನುಮಾನ, 13 ಮತ್ತು ಮೇಲಿದ್ದರೆ ಅಸ್ಥಿರ. 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆನ್ನುಮೂಳೆ ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನೂ ಪಡೆಯಬೇಕು, ಏಕೆಂದರೆ ಕೆಲವರಿಗೆ ಮಣಿಯೊಳಗೆ ಸಿಮೆಂಟ್ ತುಂಬುವುದೋ ರಾಡು, ಸ್ಕ್ರೂ ಹಾಕುವುದೋ ಮೊದಲಾಗಬೇಕಾಗುತ್ತದೆ. ಒಂದು ಸರದಿಗೆ ಎಷ್ಟು ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಕೊಡುತ್ತಾರೆಂಬುದನ್ನೂ ಕೇಳಿ. ಒಮ್ಮೆಗೇ 24 ಗ್ರೇ ಅಥವಾ ಹೆಚ್ಚು ಕೊಟ್ಟಾಗ ಮುರಿತದ ಅಪಾಯ ಎದ್ದು ಕಾಣುವಷ್ಟು ಏರುತ್ತದೆ. ಮೂಳೆ ಬಲಪಡಿಸುವ ಝೋಲೆಡ್ರೋನಿಕ್ ಆಸಿಡ್ ಚುಚ್ಚುಮದ್ದು ಬರೆದುಕೊಟ್ಟರೆ, ಅದಕ್ಕೂ ಮುನ್ನ ಹಲ್ಲು ಮತ್ತು ಮೂತ್ರಪಿಂಡದ ತಪಾಸಣೆ ಆಗಿರಲಿ.

ಇನ್ನು ಮನೆಯ ಮಾತು. ಜೋಳದ ಚೀಲ, ತುಂಬಿದ ಕೊಡ, ಮೇವಿನ ಹೊರೆ ಎತ್ತುವ ಕೆಲಸವನ್ನು ವೈದ್ಯರು ಹೇಳುವವರೆಗೆ ಬೇರೆಯವರಿಗೆ ಬಿಡಬೇಕು. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಎದ್ದು ಕೂರದೆ, ಮೊದಲು ಮಗ್ಗುಲಾಗಿ, ಕಾಲುಗಳನ್ನು ಕೆಳಗಿಳಿಸಿ, ಮೊಣಕೈ ಊರಿ ಮೈಯನ್ನು ಮೇಲೆತ್ತಿ. ಇಂಡಿ, ಸಿಂದಗಿ ಕಡೆಯಿಂದ ತಪಾಸಣೆಗೆ ಬಸ್ಸಿನಲ್ಲಿ ಹೋಗುವವರು ಹಿಂಬದಿಯ ಸೀಟು ಬಿಟ್ಟು ನಡುವಿನಲ್ಲಿ ಕೂರುವುದು ಲೇಸು. ಹಿಂದಿನ ಗಾಲಿಯ ಮೇಲಿನ ಕುಲುಕಾಟ ನೇರ ಬೆನ್ನಿಗೇ ಬಡಿಯುತ್ತದೆ. ಹಾಗೆಂದು ಮಲಗಿಯೇ ಇರುವುದೂ ಬೇಡ, ನಡಿಗೆ ನಿಂತರೆ ಮೂಳೆ ಇನ್ನಷ್ಟು ಸಡಿಲವಾಗುತ್ತದೆ.

ಹೆಚ್ಚಿನವರು ಎಡವುವುದು ನೋವನ್ನು ಗುರುತಿಸುವುದರಲ್ಲಿ. ಚಿಕಿತ್ಸೆಯಾದ ಮೊದಲ ಕೆಲವು ದಿನಗಳಲ್ಲಿ ನೋವು ತುಸು ಏರಿ, ಔಷಧಕ್ಕೆ ಇಳಿಯುವುದು ಸಾಮಾನ್ಯ. ಆದರೆ ವಾರಗಳ ನಂತರ ನಿಂತಾಗ, ಕುಳಿತಾಗ, ಹೊರಳಿದಾಗ ಚುಳುಕ್ಕನೆ ಬಂದು ಮಲಗಿದರೆ ಕಡಿಮೆಯಾಗುವ ನೋವು ಮುರಿತದ ಲಕ್ಷಣವಾಗಿರಬಹುದು. ‘ಕ್ಯಾನ್ಸರ್ ನೋವು ಇದ್ದದ್ದೇ’ ಎಂದು ಸುಮ್ಮನಾಗುವುದಾಗಲಿ, ಎಣ್ಣೆ ಹಚ್ಚಿ ಬೆನ್ನು ತಿಕ್ಕಿಸುವುದಾಗಲಿ ಸಲ್ಲದು, ತಿಕ್ಕಿಸುವುದಂತೂ ಅಪಾಯಕರ. ಕೂಡಲೇ ವೈದ್ಯರನ್ನು ಕಂಡು ಸ್ಕ್ಯಾನ್ ಮಾಡಿಸಬೇಕು. ನೋವಿಲ್ಲದಿದ್ದರೂ ಮೊದಲ ವರ್ಷ ಎರಡು–ಮೂರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುವುದು ರೂಢಿ.

ಕಾಲಿನ ಬಲ ಕುಗ್ಗಿದರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗಲೆಂದು ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಯಾವ ಮಣಿಗೆ, ಎಷ್ಟು ಸರದಿಗಳಲ್ಲಿ, ಎಷ್ಟು ಗ್ರೇ ಕೊಡಲಾಗಿದೆ ಎಂದು ಬರೆದ ಬಿಡುಗಡೆ ಪತ್ರವನ್ನು ಜೊತೆಗೆ ಒಯ್ಯಿರಿ.